ಏರ್ ರೈಫಲ್ ಪೆಲೆಟ್‌ಗೆ ಎಣ್ಣೆ ಜಾಸ್ತಿ ಆಗಿದೆ, ಸರಿ ಮಾಡೋದು ಹೇಗೆ?

ನೀವು ಕೇಳಿದ್ದು ಇಷ್ಟು: ಸಕಲೇಶಪುರದ ಮಳೆಗೆ ಡಬ್ಬಿಯಲ್ಲಿದ್ದ ಸೀಸದ ಪೆಲೆಟ್‌ಗಳು, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡುಗಳು, ಬೆಳ್ಳಗಾಗತೊಡಗಿದವು, ಅದಕ್ಕೆ ಕೊಬ್ಬರಿ ಎಣ್ಣೆ ಸುರಿದಿರಿ, ಈಗ ಎಲ್ಲಾ ಒಂದಕ್ಕೊಂದು ಅಂಟಿಕೊಂಡಿವೆ, ಹೊಡೆದಾಗ ನಳಿಗೆಯ ಬಾಯಲ್ಲಿ ಹೊಗೆ, ಮಗಳ ಗುರಿಯೂ ಚೆಲ್ಲಾಪಿಲ್ಲಿ. ಡಬ್ಬಿಯನ್ನೇ ಎಸೆಯಬೇಕಾ ಅಂತ. ಬೇಡ. ಒಂದು ಸಂಜೆಯ ಕೆಲಸ, ಅಷ್ಟೇ. ಆದರೆ ಸರಿ ಮಾಡುವ ತನಕ ಆ ಪೆಲೆಟ್‌ಗಳನ್ನು ಹೊಡೆಯಲು ಕೊಡಬೇಡಿ.

ನಮ್ಮ ಮನೆ ಮೂಡಿಗೆರೆ ಕಡೆ. ಮಳೆಗಾಲದಲ್ಲಿ ಇಲ್ಲಿ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ, ಇನ್ನು ಸೀಸ ಬೆಳ್ಳಗಾಗದೆ ಇರುತ್ತದಾ? ನಾನೂ ಇದೇ ತಪ್ಪು ಮಾಡಿದ್ದೆ, ಹೊಲಿಗೆ ಮೆಷಿನ್ ಎಣ್ಣೆ ಹಾಕಿ. 10 ಮೀಟರ್‌ನಲ್ಲಿ ಒಂದು ಕಾಫಿ ಹಣ್ಣಿನಷ್ಟು ಜಾಗದಲ್ಲಿ ಕೂರುತ್ತಿದ್ದ ಐದು ಹೊಡೆತ ಅಂಗೈ ಅಗಲಕ್ಕೆ ಹರಡಿಕೊಂಡವು. ರೈಫಲ್ ಹಾಳಾಯಿತು ಅಂದುಕೊಂಡು ಎರಡು ವಾರ ಅದರ ಸ್ಕ್ರೂ ಬಿಗಿ ಮಾಡುತ್ತಾ ಕೂತಿದ್ದೆ.

ಆಗುವುದು ಏನು ಅಂದರೆ, ಸ್ಪ್ರಿಂಗ್ ಬಲದಿಂದ ಹೊಡೆಯುವ ಏರ್ ರೈಫಲ್‌ನಲ್ಲಿ ಪಿಸ್ಟನ್ ಮುಂದಕ್ಕೆ ನುಗ್ಗಿದಾಗ ಗಾಳಿ ಒಮ್ಮೆಲೇ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಡೀಸೆಲ್ ಎಂಜಿನ್ ಒಳಗೆ ಆಗುವ ಹಾಗೆಯೇ, ಆ ಬಿಸಿಗೆ ಪೆಲೆಟ್ ಹಿಂದಿರುವ ಎಣ್ಣೆ ಹೊತ್ತಿಕೊಳ್ಳುತ್ತದೆ. ಹೊಗೆ ಅದರದ್ದು. ಒಂದು ಹೊಡೆತ ಜೋರು, ಇನ್ನೊಂದು ಮೆತ್ತಗೆ. ಹೀಗೇ ಬಿಟ್ಟರೆ ಗಾಳಿ ಸೋರದ ಹಾಗೆ ತಡೆಯುವ ಪಿಸ್ಟನ್ ಸೀಲ್ ಸುಡುತ್ತದೆ, ಸ್ಪ್ರಿಂಗ್‌ಗೂ ಪೆಟ್ಟು. ತೂಕದ ಲೆಕ್ಕವೂ ಇದೆ. 4.5 ಮಿ.ಮೀ. ಪೆಲೆಟ್ ಸುಮಾರು ಅರ್ಧ ಗ್ರಾಂ ಇರುತ್ತದೆ. ಅದರ ಹಿಂಭಾಗದ ಟೊಳ್ಳಿನಲ್ಲಿ ಅರ್ಧ ಹನಿ ಎಣ್ಣೆ ನಿಂತರೂ ನೂರಕ್ಕೆ ಎರಡು ಮೂರು ಭಾಗ ತೂಕ ಏರಿಬಿಡುತ್ತದೆ, ಅದೂ ಒಂದರಲ್ಲಿ ನಿಂತು ಇನ್ನೊಂದರಲ್ಲಿ ನಿಲ್ಲದೆ. 10 ಮೀಟರ್ ಏರ್ ರೈಫಲ್ ಗುರಿ ಹಾಳೆಯಲ್ಲಿ ಹತ್ತು ಅಂಕದ ನಡುಚುಕ್ಕೆ ಇರುವುದೇ 0.5 ಮಿ.ಮೀ. ಅಲ್ವಾ? ಅಲ್ಲಿ ಇದೆಲ್ಲಾ ಲೆಕ್ಕಕ್ಕೆ ಬರುತ್ತದೆ. ಕೊಬ್ಬರಿ ಎಣ್ಣೆ ಅಂತೂ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ನಮ್ಮ ಡಿಸೆಂಬರ್ ಬೆಳಗಿನಲ್ಲಿ ಟೊಳ್ಳಿನೊಳಗೆ ಮೇಣ ತುಂಬಿದ ಹಾಗೆ ಕೂತಿರುತ್ತದೆ.

ಮೊದಲು ಪೆಲೆಟ್‌ಗಳನ್ನು ಹಳೇ ಪೇಪರ್ ಮೇಲೆ ಸುರಿದು ನಿಧಾನಕ್ಕೆ ಉರುಳಿಸಿ, ಅರ್ಧ ಎಣ್ಣೆ ಪೇಪರೇ ಕುಡಿಯುತ್ತದೆ. ಪುಡಿಪುಡಿಯಾಗಿ ಬೆಳ್ಳಗಾಗಿರುವುದನ್ನು ಈಗಲೇ ಆರಿಸಿ ಬೇರೆ ಮಾಡಿ, ಅವು ಮತ್ತೆ ಗುರಿಗೆ ಬರುವುದಿಲ್ಲ. ಆ ಬಿಳಿ ಪುಡಿಯನ್ನು ಊದಬೇಡಿ, ಒಣಗಿದ್ದಾಗ ಉಜ್ಜಬೇಡಿ, ಅದೂ ಸೀಸವೇ, ಉಸಿರಲ್ಲಿ ಒಳಗೆ ಹೋಗುತ್ತದೆ. ಉಳಿದದ್ದನ್ನು ಒಂದು ಹಳೇ ಜರಡಿಗೆ ಹಾಕಿ ಉಗುರುಬೆಚ್ಚಗಿನ ನೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬಿಟ್ಟು ಅದರಲ್ಲಿ ಅದ್ದಿ ಅಲ್ಲಾಡಿಸಿ, ಅಕ್ಕಿ ತೊಳೆಯುವಷ್ಟು ಜೋರಾಗಿ ಬೇಡ, ಸೀಸ ಮೆತ್ತಗಿರುವುದರಿಂದ ಹಿಂದಿನ ತೆಳ್ಳನೆ ಅಂಚು ಸೊಟ್ಟಗಾಗುತ್ತದೆ. ಎರಡು ಮೂರು ಸಲ ಬರೀ ನೀರಲ್ಲಿ ಜಾಲಿಸಿ. ಆ ಜರಡಿ, ಆ ಬೋಗುಣಿ ಮತ್ತೆ ಅಡುಗೆಮನೆಗೆ ಹೋಗಲೇಬಾರದು. ತೊಳೆದ ನೀರನ್ನು ಬಾವಿಕಟ್ಟೆ ಹತ್ತಿರವೋ ಸೊಪ್ಪಿನ ಮಡಿಗೋ ಚೆಲ್ಲಬೇಡಿ. ಕೈಯನ್ನು ಸೋಪು ಹಾಕಿ ತೊಳೆದ ಮೇಲೆಯೇ ಊಟ ತಿಂಡಿ. ಮಗಳಿಗೂ ಇದನ್ನು ಈಗಿನಿಂದಲೇ ರೂಢಿ ಮಾಡಿಸಿ, ಸೀಸ ಮಕ್ಕಳಿಗೆ ದೊಡ್ಡವರಿಗಿಂತ ಜಾಸ್ತಿ ಕೆಡುಕು ಮಾಡುತ್ತದೆ.

ಹಳೇ ಪಂಚೆ ಮೇಲೆ ಹರಡಿ, ಟೊಳ್ಳು ಕೆಳಗೆ ಬರುವ ಹಾಗೆ ನಿಲ್ಲಿಸಿ, ರಾತ್ರಿಯಿಡೀ ಫ್ಯಾನ್ ಗಾಳಿಗೆ ಬಿಡಿ. ಬೇಗ ಒಣಗಲಿ ಅಂತ ಬಾಣಲೆಗೆ ಹಾಕುವುದು, ಒಲೆ ಪಕ್ಕ ಇಡುವುದು ಬೇಡವೇ ಬೇಡ.

ಒಣಗಿದ ತಕ್ಷಣ ಮತ್ತೆ ತೆಳ್ಳಗೆ ಎಣ್ಣೆ ಬೇಕು, ಬರೀ ಸೀಸ ನಮ್ಮ ತೇವಕ್ಕೆ ವಾರದಲ್ಲಿ ಮಂಕಾಗುತ್ತದೆ. ನಾನು ಡಬ್ಬಿಯ ತಳದ ಅಳತೆಗೆ ಸ್ಪಂಜು ಕತ್ತರಿಸಿಕೊಂಡು ಎರಡೇ ಎರಡು ಹನಿ ಸಿಲಿಕೋನ್ ಎಣ್ಣೆ ಬಿಟ್ಟು, ಬೆರಳಿನಿಂದ ಒತ್ತಿ ಒತ್ತಿ ಸ್ಪಂಜಿಗೆಲ್ಲಾ ಹರಡಿಸಿ, ಒಂದು ಪದರ ಪೆಲೆಟ್ ಹಾಕಿ ಡಬ್ಬಿಯನ್ನು ಹತ್ತು ಸಲ ಆ ಕಡೆ ಈ ಕಡೆ ಓರೆ ಮಾಡುತ್ತೇನೆ. ಆಮೇಲೆ ಒಂದನ್ನು ಪೇಪರ್ ಮೇಲೆ ಐದು ನಿಮಿಷ ನಿಲ್ಲಿಸಿ ಎತ್ತಿ ನೋಡಿ. ಉಂಗುರದ ಹಾಗೆ ಎಣ್ಣೆ ಗುರುತು ಬಿದ್ದಿದ್ದರೆ ಇನ್ನೂ ಜಾಸ್ತಿ ಇದೆ, ಮತ್ತೆ ಪೇಪರ್ ಮೇಲೆ ಉರುಳಿಸಿ. ಗುರುತು ಇಲ್ಲದೆ, ಬೆರಳಿಗೆ ಮಾತ್ರ ಸ್ವಲ್ಪ ಜಾರಿದ ಹಾಗೆ ಆದರೆ ಸರಿಯಾಗಿದೆ. ಮುಚ್ಚಳ ಗಟ್ಟಿ ಇರುವ ಡಬ್ಬಿಗೆ ಹಾಕಿ, ಹೊಸ ಚಪ್ಪಲಿ ಬಾಕ್ಸ್‌ನಲ್ಲಿ ಬರುತ್ತದಲ್ಲ, ಆ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಜೊತೆಗಿಡಿ.

ನಳಿಗೆ ಒರೆಸುವುದನ್ನು ಮರೆಯಬೇಡಿ, ನಾನು ಮರೆತೇ ಇನ್ನೊಂದು ವಾರ ಕಳೆದುಕೊಂಡೆ. ರೈಫಲ್ ಖಾಲಿ ಇದೆಯಾ ಅಂತ ನೋಡಿಕೊಂಡು, ನೈಲಾನ್ ದಾರಕ್ಕೆ ಹತ್ತಿ ಬಟ್ಟೆಯ ಚೂರು ಕಟ್ಟಿ ಹಿಂದಿನಿಂದ ಬಾಯಿಯ ಕಡೆಗೆ ಎಳೆಯಿರಿ. ಮೊದಲನೆಯದು ಕಪ್ಪಗೆ ಜಿಡ್ಡಾಗಿ ಬರುತ್ತದೆ, ಐದಾರು ಚೂರು ಆದ ಮೇಲೆ ಒಣಗಿದ್ದು ಬರುತ್ತದೆ, ಅಲ್ಲಿಗೆ ನಿಲ್ಲಿಸಿ. ಆಮೇಲೆ ಮೊದಲ 15, 20 ಹೊಡೆತ ಎಲ್ಲೆಲ್ಲೋ ಬೀಳಬಹುದು, ಮಗಳಿಗೆ ಮೊದಲೇ ಹೇಳಿಡಿ, ತನ್ನ ಕೈ ತಪ್ಪು ಅಂದುಕೊಂಡು ನಿಲ್ಲುವ ರೀತಿ ಬದಲಾಯಿಸಲು ಹೋಗದಿರಲಿ.