ಶಿವಮೊಗ್ಗದಲ್ಲಿ ಆರು ತಿಂಗಳ ಕೆಲಸ, ಭಾನುವಾರ ಮಾತ್ರ ರಜೆ. ಊರಿಂದ ಬರುವವರಿಗೆ ಮಲೆನಾಡನ್ನು ಹೇಗೆ ತೋರಿಸಲಿ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕೂತೆ. ಅಪ್ಪ-ಅಮ್ಮ, ಅಕ್ಕನ ಮಕ್ಕಳು, ಕಾಲೇಜಿನ ಗೆಳೆಯರು ಎಲ್ಲರೂ ಬರ್ತೀವಿ ಅಂತಿದ್ದಾರೆ, ಯಾರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಕೇಳಿದ್ದೀರಿ. ನಾನೂ ಹೀಗೇ ಹೋದವಳು. 2024ರ ಜೂನ್‌ನಿಂದ 11 ತಿಂಗಳು ಶಿವಮೊಗ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಗುತ್ತಿಗೆ ಮೇಲೆ ಕೆಲಸ ಮಾಡಿದೆ. ನಮ್ಮೂರು ಗಂಗಾವತಿ ಹತ್ತಿರ. ಬಟ್ಟಬಯಲು, ತುಂಗಭದ್ರಾ ಕಾಲುವೆ, ಕಣ್ಣು ಹಾಯುವಷ್ಟು ದೂರ ಭತ್ತ. ಗುಡ್ಡ ಅಂದ್ರೆ ನಮಗೆ ಬರೀ ಬಂಡೆ.

ಮೊದಲು ದಾರಿಯ ಮಾತು. ಶಿವಮೊಗ್ಗದಿಂದ ಜೋಗ ಸುಮಾರು 100 ಕಿಲೋಮೀಟರ್. ನಮ್ಮ ಕಡೆ ಅಷ್ಟು ದೂರ ಅಂದ್ರೆ ಊಟ ಮಾಡಿ ಹೊರಟರೂ ಸಂಜೆಗೆ ವಾಪಸ್. ಮಲೆನಾಡಿನಲ್ಲಿ ಹಾಗಾಗುವುದಿಲ್ಲ. ತಿರುವು ಜಾಸ್ತಿ, ಮಳೆ ಬಂದರೆ ಮುಂದಿನ ಗಾಡಿ ಕಾಣುವುದಿಲ್ಲ. ಹಾಗಾಗಿ ಒಂದು ಭಾನುವಾರಕ್ಕೆ ಒಂದೇ ದಿಕ್ಕು ಇಟ್ಟುಕೊಳ್ಳಿ. ತೀರ್ಥಹಳ್ಳಿ ರಸ್ತೆ ಒಂದು ದಿನ, ಸಾಗರದ ರಸ್ತೆ ಇನ್ನೊಂದು ದಿನ, ಶಿಕಾರಿಪುರದ ಕಡೆ ಮತ್ತೊಂದು ದಿನ. ಜೋಗ, ಸಿಗಂದೂರು, ಕೊಡಚಾದ್ರಿ ಮೂರನ್ನೂ ಒಂದೇ ದಿನದಲ್ಲಿ ಮುಗಿಸುತ್ತೇವೆ ಅನ್ನುವವರ ಮಾತು ಕೇಳಬೇಡಿ. ಬಂದವರು ನೋಡುವುದು ಕಾರಿನ ಕಿಟಕಿಯನ್ನು ಮಾತ್ರ.

ಎರಡನೆಯದು, ನನಗೆ ಮುಖ್ಯ ಅನ್ನಿಸುವುದು. ಬಂದವರು ಯಾವ ಜಾಗಕ್ಕೆ ಹೋಗಬೇಕು ಅಂತ ಕೇಳಬೇಡಿ. ಅವರಿಗೆ ಹೆಸರು ಗೊತ್ತಿರುವುದು ಜೋಗ, ಆಗುಂಬೆ ಅಷ್ಟೇ. ಅವರ ಮನಸ್ಸಿನಲ್ಲಿ ಏನಿದೆ ಅಂತ ಕೇಳಿ. ಇದನ್ನು ನಾನು ನಮ್ಮಪ್ಪನಿಂದ ಕಲಿತೆ.

ಜುಲೈ ಮೊದಲಲ್ಲಿ, ಕಾಲುವೆಗೆ ನೀರು ಬಿಡುವ ಮುಂಚೆ, ಅಪ್ಪ-ಅವ್ವ ಬಂದರು. ನಾನು ತುಂಬ ಉತ್ಸಾಹದಿಂದ ಜೋಗಕ್ಕೆ ಕರೆದುಕೊಂಡು ಹೋದೆ. ಹೋದಾಗ ಬರೀ ಮಂಜು. ನೀರು ಬೀಳುವ ಸದ್ದು ಕೇಳುತ್ತೆ, ಕಾಣುವುದಿಲ್ಲ. ಮಳೆಗಾಲದಲ್ಲಿ ಹೋದರೆ ಹೀಗೆ ಕಾಯಬೇಕು, ಅವಸರ ಮಾಡಿ ವಾಪಸ್ ಹೊರಡಬೇಡಿ. ಒಂದು ಗಂಟೆ ಕೊಡೆ ಹಿಡಿದು ನಿಂತೆವು. ಗಾಳಿ ತಿರುಗಿತು ನೋಡಿ, ಪರದೆ ಸರಿಸಿದ ಹಾಗೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆ ಒಟ್ಟಿಗೆ ಕಂಡವು. 253 ಮೀಟರ್ ಎತ್ತರದಿಂದ ನೀರು ಬೀಳ್ತಿದೆ. ಅವ್ವ ಕೈ ಮುಗಿದಳು. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ನೋಡಿ ಕೇಳಿದರು, "ಈ ನೀರು ನಮ್ ಡ್ಯಾಮಿಗೆ ಬರತೈತೇನವಾ?"

ಇಲ್ಲಪ್ಪಾ, ಇದು ಶರಾವತಿ, ಪಡುವಣಕ್ಕೆ ಹರಿದು ಹೊನ್ನಾವರದ ಹತ್ತಿರ ಸಮುದ್ರ ಸೇರುತ್ತೆ ಅಂದೆ. ಅವರ ಮುಖ ಸಣ್ಣದಾಯಿತು. ಆಗ ಅರ್ಥವಾಯಿತು. ಮಳೆಗಾಲದಲ್ಲಿ ಅವರು ಪೇಪರಿನಲ್ಲಿ ಮೊದಲು ನೋಡುವುದು ತುಂಗಭದ್ರಾ ಡ್ಯಾಮಿನ ಒಳಹರಿವು. ಮಲೆನಾಡಿನಲ್ಲಿ ಮಳೆ ಹಿಡಿದರೆ ನಮಗೆ ಎರಡು ಬೆಳೆ, ಇಲ್ಲದಿದ್ದರೆ ಒಂದೂ ಕಷ್ಟ. ಹಿಂದಿನ ವರ್ಷ, 2023ರಲ್ಲಿ, ಬರ ಬಂದು ಅದನ್ನೂ ಕಂಡಿದ್ದೆವು. ಅವರಿಗೆ ಜಲಪಾತ ಬೇಕಿರಲಿಲ್ಲ. ತಮ್ಮ ಗದ್ದೆಗೆ ಬರುವ ನೀರು ಎಲ್ಲಿಂದ ಹೊರಡುತ್ತೆ ಅಂತ ನೋಡಬೇಕಿತ್ತು.

ಮರುದಿನ ಬೆಳಗ್ಗೆ ನಾನು ಡ್ಯೂಟಿಗೆ ಹೋಗುವ ಮುಂಚೆ ಅವರನ್ನು ಊರೊಳಗೇ ತುಂಗಾ ದಡಕ್ಕೆ ಕರೆದುಕೊಂಡು ಹೋದೆ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗೆ ಒಂದು ಕಲ್ಲಿನ ಮಂಟಪ ಇದೆ. ಅದು ಮುಳುಗಿದರೆ ತುಂಗೆ ತುಂಬಿದಳು ಅಂತ ಶಿವಮೊಗ್ಗದವರ ಲೆಕ್ಕ. ಆ ದಿನ ಜನ ಸಂಸಾರ ಸಮೇತ ನೋಡಲು ಬರುತ್ತಾರೆ. ನಾವು ಹೋದಾಗ ಮುಳುಗಿರಲಿಲ್ಲ. ಅಪ್ಪ ಅಲ್ಲಿ ನಿಂತಿದ್ದ ಒಬ್ಬ ಹಿರಿಯರ ಹತ್ತಿರ ಅರ್ಧ ಗಂಟೆ ಮಾತಾಡಿದರು. ಗಾಜನೂರು ಅಣೆಕಟ್ಟಿನಿಂದ ಎಷ್ಟು ಬಿಡ್ತಾರೆ, ಹೋದ ವರ್ಷ ಎಲ್ಲಿವರೆಗೆ ಬಂದಿತ್ತು ಎಲ್ಲ ಕೇಳಿಕೊಂಡರು. ಊರಿಗೆ ಹೋದ ಮೇಲೆ ದಿನಾ ಫೋನಿನಲ್ಲಿ ಒಂದೇ ಪ್ರಶ್ನೆ: "ಮಂಟಪ ಮುಳುಗಿತೇನು?" ಮುಳುಗಿದ ದಿನ ನಾನು ಫೋಟೊ ಕಳಿಸಿದೆ. ಅದನ್ನು ಅವರು ಊರಿಗೆಲ್ಲಾ ತೋರಿಸಿದ್ದಾರೆ.

ಆಗಸ್ಟ್‌ನಲ್ಲಿ ಮತ್ತೆ ಬರಬೇಕಿತ್ತು. ಆದರೆ 10ನೇ ತಾರೀಕು ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಿತ್ತು ಗೇಟು ಕೊಚ್ಚಿಹೋಯಿತು. ತುಂಬಿದ ಡ್ಯಾಮಿನಿಂದ ನೀರು ಹೊಳೆಗೆ ಹರಿದು ಹೋಗ್ತಿದ್ದರೆ ರೈತನಿಗೆ ಹೇಗಾಗಬೇಡ? ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಆಮೇಲೆ ಮಳೆಯೂ ಚೆನ್ನಾಗಿ ಆಯಿತು, ಬೆಳೆ ಉಳಿಯಿತು. ದಸರಾ ಮುಗಿದ ಮೇಲೆ ಅಪ್ಪ-ಅವ್ವ ಎರಡನೇ ಸಲ ಬಂದರು.

ಈ ಸಲ ಕೂಡಲಿಗೆ ಹೋದೆವು. ಶಿವಮೊಗ್ಗದಿಂದ ಸುಮಾರು 15 ಕಿಲೋಮೀಟರ್. ತುಂಗೆ, ಭದ್ರೆ ಸೇರುವ ಜಾಗ. ಸಂಗಮೇಶ್ವರನ ಹಳೇ ಕಲ್ಲಿನ ಗುಡಿ ಇದೆ. ದೊಡ್ಡ ಪ್ರವಾಸಿ ತಾಣ ಅಲ್ಲ, ಯಾರೂ ಅವಸರ ಮಾಡುವುದಿಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ಮೊಣಕಾಲುಮಟ್ಟ ನಿಂತರು. ಎರಡು ಹೊಳೆ ಒಂದಾಗಿ, ಇಲ್ಲಿಂದ ಮುಂದೆ ಹೆಸರೇ ತುಂಗಭದ್ರಾ. ಗಂಗಾ ಸ್ನಾನ, ತುಂಗಾ ಪಾನ ಅಂತಾರಲ್ಲ, ಅವ್ವ ಒಂದು ಬಾಟಲಿಯಲ್ಲಿ ನೀರು ತುಂಬಿಕೊಂಡಳು. ಊಟ ಕಟ್ಟಿಕೊಂಡು ಹೋಗಿದ್ದೆವು, ಜೋಳದ ರೊಟ್ಟಿ, ಶೇಂಗಾ ಚಟ್ನಿ. ಮಧ್ಯಾಹ್ನ ಮೂರರವರೆಗೆ ಅಲ್ಲೇ ಕೂತೆವು. 11 ತಿಂಗಳಲ್ಲಿ ನನಗೆ ಎಲ್ಲಕ್ಕಿಂತ ನೆನಪಿರುವ ದಿನ ಅದೇ.

ಮಾರನೇ ದಿನ ರಜೆ ಹಾಕಿ ವರದಾಮೂಲಕ್ಕೂ ಕರೆದುಕೊಂಡು ಹೋದೆ. ಸಾಗರದ ಹತ್ತಿರ, ಇಕ್ಕೇರಿ ಕಡೆ. ಒಂದು ಪುಟ್ಟ ಕೊಳ, ಗುಡಿ, ಸುತ್ತ ತೋಟ. ವರದಾ ನದಿ ಅಲ್ಲಿ ಹುಟ್ಟಿ ಸೊರಬ, ಬನವಾಸಿ ದಾಟಿ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತೆ. ಒಂದೇ ಸಾಗರ ತಾಲೂಕಿನಲ್ಲಿ ಬಿದ್ದ ಮಳೆ, ಒಂದಿಷ್ಟು ಶರಾವತಿ ಸೇರಿ ಪಡುವಣ ಸಮುದ್ರಕ್ಕೆ, ಇನ್ನೊಂದಿಷ್ಟು ವರದೆ ಸೇರಿ ನಮ್ಮ ಭತ್ತಕ್ಕೆ. ಇದನ್ನು ಹೇಳಿದಾಗ ಅಪ್ಪ ಕೊಳದ ಮೆಟ್ಟಿಲ ಮೇಲೆ ಕೂತುಬಿಟ್ಟರು. ಇಕ್ಕೇರಿಯ ಅಘೋರೇಶ್ವರ ಗುಡಿಯನ್ನೂ ಬಿಡಬೇಡಿ, ಕೆಳದಿ ಅರಸರು ಕಟ್ಟಿಸಿದ್ದು. ಹಿರಿಯರಿಗೆ ಹತ್ತುವುದು ಇಳಿಯುವುದು ಜಾಸ್ತಿ ಇಲ್ಲ.

ಗೆಳೆಯರ ವಿಷಯ ಬೇರೆ. ಅವರಿಗೆ ನಡೆಯಬೇಕು, ನೆನೆಯಬೇಕು. ಎಲ್ಲರೂ ಕೊಡಚಾದ್ರಿ ಅಂತಾರೆ. 1,343 ಮೀಟರ್ ಎತ್ತರದ ಬೆಟ್ಟ, ಕಟ್ಟಿನಹೊಳೆ ಕಡೆಯಿಂದ ಜೀಪಿನಲ್ಲಿ ಹೋಗಬಹುದು. ಆದರೆ ಆ ಜೀಪಿನ ದಾರಿ ಸೊಂಟ ನೋವಿದ್ದವರಿಗೆ ಬೇಡವೇ ಬೇಡ. ನನ್ನ ಆಯ್ಕೆ ಕವಲೇದುರ್ಗದ ಹಳೇ ಕೋಟೆ. ತೀರ್ಥಹಳ್ಳಿಯಿಂದ ಮುಂದೆ, ಗದ್ದೆ ಬದುವಿನ ಪಕ್ಕದಿಂದ ಕಲ್ಲುಹಾಸಿನ ದಾರಿ ಶುರುವಾಗುತ್ತೆ. ಒಂದಾದ ಮೇಲೊಂದು ಬಾಗಿಲು, ಪಾಚಿ ಹಿಡಿದ ಗೋಡೆ, ಮೇಲೆ ಹೋದರೆ ಗುಡಿ, ಕೆರೆ, ಅರಮನೆಯ ಅಡಿಪಾಯ. ಸೆಪ್ಟೆಂಬರಿನಲ್ಲಿ ನಾವು ಐದು ಜನ ಹೋಗಿದ್ದೆವು, ಅರ್ಧ ದಿನದಲ್ಲಿ ಹತ್ತಿ ಇಳಿದೆವು. ಕಲ್ಲು ಜಾರುತ್ತೆ, ಹಿಡಿತ ಇರುವ ಶೂ ಇರಲಿ. ಇಂಬಳ, ಅಂದ್ರೆ ಜಿಗಣೆ, ಖಂಡಿತ ಹತ್ತುತ್ತೆ. ಸುಣ್ಣ ಇಲ್ಲವೇ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಕೋಲಿನ ತುದಿಗೆ ಇಟ್ಟುಕೊಳ್ಳಿ, ಮುಟ್ಟಿಸಿದರೆ ಬಿದ್ದುಹೋಗುತ್ತೆ. ಕಿತ್ತು ಎಳೆಯಬೇಡಿ.

ಆಗುಂಬೆಗೆ ಸೂರ್ಯಾಸ್ತ ನೋಡಲು ಮಳೆಗಾಲದಲ್ಲಿ ಹೋಗಬೇಡಿ, ನಿರಾಸೆ ಆಗುತ್ತೆ. ನವೆಂಬರಿನಿಂದ ಜನವರಿ ಸರಿ. ಮಳೆಗಾಲದಲ್ಲಿ ಹೋಗುವುದಾದರೆ ಮಳೆಯನ್ನೇ ನೋಡಲು ಹೋಗಿ. ಘಾಟಿಯ 14 ತಿರುವು ಇಳಿಯದೆ ಮೇಲೆಯೇ ನಿಂತರೂ ಸಾಕು.

ಮಕ್ಕಳಿಗೆ ತೀರ್ಥಹಳ್ಳಿ ರಸ್ತೆಯೇ ಸರಿ. ಸಕ್ರೆಬೈಲು ಆನೆ ಬಿಡಾರಕ್ಕೆ ಬೆಳಗ್ಗೆ ಬೇಗ ಹೋಗಿ. ತುಂಗಾ ಹಿನ್ನೀರಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದು ಬೆಳಗಿನ ಹೊತ್ತು ಮಾತ್ರ. ಹನ್ನೊಂದರ ಮೇಲೆ ಹೋದರೆ ಖಾಲಿ ಬಿಡಾರ. ಅಲ್ಲಿಂದ ಮುಂದೆ ಮಂಡಗದ್ದೆ, ಹೊಳೆ ನಡುವಿನ ಗಿಡಗಳ ಮೇಲೆ ಬೆಳ್ಳಕ್ಕಿ ಗೂಡು ಕಟ್ಟಿರುತ್ತವೆ. ಅಕ್ಕನ ಮಕ್ಕಳು ದಸರಾ ರಜೆಗೆ ಬಂದಾಗ ಹಕ್ಕಿ ಕಮ್ಮಿಯಾಗಿತ್ತು, ಆಗಸ್ಟ್ ಹೊತ್ತಿಗೆ ಜಾಸ್ತಿ. ಚಿಕ್ಕವನಿಗೆ ತಿರುವಿನಲ್ಲಿ ವಾಂತಿ ಆಯಿತು. ಹೊರಡುವ ಮುಂಚೆ ಮಕ್ಕಳಿಗೆ ಹೊಟ್ಟೆ ತುಂಬ ದೋಸೆ ತಿನ್ನಿಸಬೇಡಿ.

ಸಿಗಂದೂರು ಚೌಡೇಶ್ವರಿ ಗುಡಿಗೆ ನಾನಿದ್ದಾಗ ಲಾಂಚಿನಲ್ಲಿ ಹೋಗಬೇಕಿತ್ತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ತೆರೆದಿದೆ, ಈಗ ನೇರ ಹೋಗಬಹುದು. ಕರೆಂಟಿಗಾಗಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಡ್ಯಾಮಿನಲ್ಲಿ ಮುಳುಗಿದ ಊರುಗಳ ಆಚೆ ಉಳಿದ ಜನ ಇಷ್ಟು ವರ್ಷ ಆಸ್ಪತ್ರೆಗೂ ಲಾಂಚ್ ಕಾಯುತ್ತಿದ್ದರು. ಸೇತುವೆ ದಾಟುವಾಗ ಬಂದವರಿಗೆ ಇದನ್ನು ಹೇಳಿ. ನಾವು ಉರಿಸುವ ದೀಪಕ್ಕೆ ಅವರು ಗದ್ದೆ ಮನೆ ಬಿಟ್ಟವರು.

ಲ್ಯಾಬಿನಲ್ಲಿ ಕೆಲಸ ಮಾಡಿದವಳಾಗಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಇದನ್ನು ಮೊದಲು ಗುರುತಿಸಿದ್ದೇ 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು, ಅಂದ್ರೆ ಉಣ್ಣೆ ಹುಳ, ಕಚ್ಚಿದರೆ ಬರುತ್ತೆ. ಆ ತಿಂಗಳುಗಳಲ್ಲಿ ಬಂದವರನ್ನು ಒಣ ತರಗೆಲೆಯ ಕಾಡಿನೊಳಗೆ ಕರೆದೊಯ್ಯಬೇಡಿ, ಹೋದರೆ ನೆಲದ ಮೇಲೆ ಕೂರಬೇಡಿ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವುದು. ಊರಿಗೆ ಹೋದ ಮೇಲೆ ಯಾರಿಗಾದರೂ ಜೋರು ಜ್ವರ, ತಲೆನೋವು ಬಂದರೆ ಮಲೆನಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಲಿ. ಬಯಲುಸೀಮೆಯ ಡಾಕ್ಟರಿಗೆ ತಾನಾಗಿ ಹೊಳೆಯದೇ ಇರಬಹುದು.

ಊಟಕ್ಕೆ ಹೋಟೆಲ್ ಹುಡುಕುವ ಬದಲು ಮನೆ ಓನರ್ ಹತ್ತಿರ ಸ್ನೇಹ ಮಾಡಿಕೊಳ್ಳಿ. ನನ್ನ ಓನರ್ ಆಂಟಿ ಸಾಗರದ ಕಡೆಯವರು. ಒಂದೆಲಗದ ತಂಬುಳಿ, ಕೆಸುವಿನ ಪತ್ರೊಡೆ, ಮಳೆಗಾಲದಲ್ಲಿ ಕಳಲೆ (ಎಳೆ ಬಿದಿರು) ಪಲ್ಯ ಎಲ್ಲ ಅವರ ಕೈಯಲ್ಲೇ ತಿಂದೆ. ಅವ್ವ ಖಡಕ್ ರೊಟ್ಟಿ ತಂದುಕೊಟ್ಟಳು, ಅವರು ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟರು. ಇಬ್ಬರೂ ಈಗಲೂ ಫೋನಿನಲ್ಲಿ ಮಾತಾಡುತ್ತಾರೆ. ಬೇಸಿಗೆಗೆ ಮುಂಚೆ ಇದ್ದರೆ ಯಾವುದಾದರೂ ಆಲೆಮನೆಗೆ ಕರೆದುಕೊಂಡು ಹೋಗಲು ಕೇಳಿ. ಕಬ್ಬಿನ ಹಾಲು ಎಷ್ಟು ಬೇಕಾದರೂ ಕುಡಿಸುತ್ತಾರೆ.

ವಾರದ ದಿನಗಳಲ್ಲಿ ಸಂಜೆ ನೀವೊಬ್ಬರೇ ಒಮ್ಮೆ ತುಂಗಾ ದಡಕ್ಕೆ ಹೋಗಿ ಬನ್ನಿ, ಡ್ಯೂಟಿಯ ಸುಸ್ತು ಇಳಿಯುತ್ತೆ. ಮಳೆಗಾಲದಲ್ಲಿ ನೀವು ಅಲ್ಲೇ ಇದ್ದರೆ ನನ್ನದೊಂದು ಬೇಡಿಕೆ ಇದೆ. ಮಂಟಪ ಮುಳುಗಿದ ದಿನ ಇಲ್ಲೇ ಒಂದು ಸಾಲು ಬರೆದು ತಿಳಿಸುತ್ತೀರಾ? ಈಗ ಅಲ್ಲಿ ನಾನಿಲ್ಲ, ಅಪ್ಪ ಇನ್ನೂ ಕೇಳ್ತಾ ಇರ್ತಾರೆ.