8ಕೆ ಟಿವಿಗೆ ಕಾಯಬೇಕಾ? ಥಿಯೇಟರ್ ಉಳಿಯುತ್ತಾ?

ಮನೆಯ ಟಿವಿ, ಊರಿನ ಟಾಕೀಸು ಇನ್ನು ಹತ್ತು ವರ್ಷಕ್ಕೆ ಹೇಗಿರಬಹುದು, ಏನಾದರೂ ಕೇಳಿ ಎಂದಿದ್ದೆ. ಬಂದದ್ದರಲ್ಲಿ ಅರ್ಧ 'ಯಾವ ಟಿವಿ ತಗೊಳ್ಲಿ' ಎನ್ನುವ ಪ್ರಶ್ನೆಗಳೇ! ಪರವಾಗಿಲ್ಲ. ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲೂ ಜನರ ಮನೆ ಹಾಲ್‌ನಲ್ಲೂ ವೈರ್ ಎಳೆದು ತಲೆಗೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಗೊತ್ತಿದ್ದಷ್ಟು ಹೇಳುತ್ತೇನೆ.

ಪ್ರಶ್ನೆ: ನಮ್ಮಲ್ಲಿ 55 ಇಂಚಿನ ಹಳೇ ಫುಲ್ ಎಚ್‌ಡಿ ಟಿವಿ ಇದೆ. ಸೋಫಾದಿಂದ ಟಿವಿಗೆ ಒಂಬತ್ತು ಅಡಿ. '4ಕೆ ಬೇಡ, 8ಕೆ ಅಗ್ಗ ಆಗೋವರೆಗೂ ಕಾಯೋಣ' ಅಂತಾನೆ ಮಗ. ಕಾಯಬೇಕಾ? (ದಾವಣಗೆರೆ)

ಕಾಯಬೇಡಿ. ಮಗನ ಕೈಗೆ ಒಂದು ಟೇಪು ಕೊಡಿ. ಫುಲ್ ಎಚ್‌ಡಿ, 4ಕೆ, 8ಕೆ ಅಂದರೆ ಚಿತ್ರ ಕಟ್ಟುವ ಚುಕ್ಕೆಗಳು (ಪಿಕ್ಸೆಲ್) ಒಂದಕ್ಕಿಂತ ಒಂದರಲ್ಲಿ ಜಾಸ್ತಿ, ಅಷ್ಟೇ. ಚೆನ್ನಾಗಿರುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿನಷ್ಟು ಚಿಕ್ಕದನ್ನು ಬಿಡಿಸಿ ನೋಡಬಲ್ಲದು. ಈ ಲೆಕ್ಕ ಹಿಡಿದರೆ 55 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕೆಗಳು ಸುಮಾರು ಏಳು ಅಡಿ ದಾಟಿದ ಮೇಲೆ ಬೇರೆಬೇರೆಯಾಗಿ ಕಾಣುವುದಿಲ್ಲ. ನೀವು ಕೂರುವುದೇ ಒಂಬತ್ತು ಅಡಿಯಲ್ಲಿ! 4ಕೆ ಸೊಗಸು ಪೂರ್ತಿ ಬೇಕಾದರೆ ಮೂರೂವರೆ ಅಡಿಗೆ ಕುರ್ಚಿ ಎಳೆದುಕೊಳ್ಳಬೇಕು. 8ಕೆ ಸೊಗಸಿಗೆ ಎರಡು ಅಡಿಗಿಂತ ಹತ್ತಿರ, ಅಂದರೆ ಮೂಗು ತಗುಲುವಷ್ಟು. 8ಕೆ ಪರದೆಯಲ್ಲಿ 3 ಕೋಟಿ 31 ಲಕ್ಷ ಚುಕ್ಕೆ ಇರುತ್ತವೆ ನಿಜ, ಆದರೆ ಅಷ್ಟನ್ನೂ ತುಂಬುವ ಸಿನಿಮಾ, ಸೀರಿಯಲ್ಲು ಎಲ್ಲಿದೆ?

ಮುಂದಿನ ಟಿವಿಗಳಲ್ಲಿ ನಿಜವಾಗಿ ಬದಲಾಗುವುದು ಚುಕ್ಕೆಯ ಲೆಕ್ಕ ಅಲ್ಲ, ಬೆಳಕು. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಉರಿದು ತಾನೇ ಆರುತ್ತದೆ. ಅದಕ್ಕೇ ಅದರಲ್ಲಿ ಕಪ್ಪು ಅಂದರೆ ಕಪ್ಪೇ, ಬೂದಿ ಬಣ್ಣ ಅಲ್ಲ. ಕತ್ತಲೆ-ಬೆಳಕಿನ ಅಂತರ ಹೆಚ್ಚು ತೋರಿಸುವ ಒಳ್ಳೆ ಎಚ್‌ಡಿಆರ್ ಟಿವಿಗಳ ಹೊಳಪು ಈಗಲೇ ಸಾವಿರ ನಿಟ್ (ಹೊಳಪಿನ ಅಳತೆ) ದಾಟಿದೆ. ಅಂಗಡಿಗೆ ಹೋದಾಗ ಕತ್ತಲ ದೃಶ್ಯ ಹಾಕಿಸಿ ನೋಡಿ. ಹೂವು, ಗಿಳಿ, ಜಲಪಾತ ತೋರಿಸಿದರೆ ಎಲ್ಲ ಟಿವಿಯೂ ಚೆನ್ನಾಗೇ ಕಾಣುತ್ತದೆ.

ಇನ್ನೊಂದು. ಟಿವಿ ತೆಳ್ಳಗಾದಷ್ಟೂ ಅದರ ಸ್ಪೀಕರ್ ಬಡವಾಗುತ್ತದೆ. 'ಮಾತು ಕೇಳಲ್ಲ, ಫೈಟು ಮಾತ್ರ ಜೋರು' ಅಂತ ಮನೆಯಲ್ಲಿ ದಿನಾ ರಿಮೋಟಿಗೆ ಜಗಳ ಆಗುತ್ತದಲ್ವಾ, ಅದಕ್ಕೆ ಒಂದು ಕಾರಣ ಇದು. 8ಕೆಗೆ ಎತ್ತಿಟ್ಟ ದುಡ್ಡಿನಲ್ಲಿ ಮಾತಿಗೇ ಬೇರೆ ಸ್ಪೀಕರ್ ಇರುವ ಒಳ್ಳೆ ಸೌಂಡ್‌ಬಾರ್ ತನ್ನಿ.

ಪ್ರಶ್ನೆ: ಮನೆಯಲ್ಲೇ ಇಷ್ಟೆಲ್ಲ ಬಂದರೆ ಥಿಯೇಟರ್‌ಗೆ ಯಾರು ಹೋಗ್ತಾರೆ? ಅಲ್ಲಿ ಹೊಸದೇನಾದರೂ ಬರುತ್ತಾ, ಇಲ್ಲ ಪಾಪ್‌ಕಾರ್ನ್ ರೇಟು ಮಾತ್ರಾನಾ? (ಮೈಸೂರು)

ಬೆಂಗಳೂರು ಮೆಜೆಸ್ಟಿಕ್‌ನ ಕಪಾಲಿ ಚಿತ್ರಮಂದಿರ 1968ರಲ್ಲಿ ಸಿನೆರಾಮಾ ಎನ್ನುವ ಬಾಗಿದ ಅಗಲ ಪರದೆಯೊಂದಿಗೆ ಶುರುವಾದಾಗ ಅದೇ ದೊಡ್ಡ ಹೊಸ ತಂತ್ರಜ್ಞಾನ. ಈಗ ಆ ಕಟ್ಟಡವೇ ಇಲ್ಲ. ಹಾಗಾಗಿ ತಂತ್ರಜ್ಞಾನ ಬಂದ ಮಾತ್ರಕ್ಕೆ ಥಿಯೇಟರ್ ಉಳಿಯುತ್ತದೆ ಅಂತ ನಾನು ಹೇಳಲಾರೆ. ಆದರೆ ಬರುತ್ತಿರುವುದು ಸಣ್ಣದಲ್ಲ.

ಥಿಯೇಟರ್ ಪರದೆಯ ಹೊಳಪು ಎಷ್ಟಿರಬೇಕು ಗೊತ್ತಾ? ಡಿಜಿಟಲ್ ಸಿನಿಮಾದ ನಿಯಮದ ಪ್ರಕಾರ ಬರೀ 48 ನಿಟ್. ನಿಮ್ಮ ಕೈಯಲ್ಲಿರುವ ಫೋನು ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೆಳಗುತ್ತದೆ. ಹಾಲ್ ಕತ್ತಲಿರುವುದರಿಂದ ಅಷ್ಟು ಸಾಕು, ಆದರೆ ಅಷ್ಟಾದರೂ ಇರಬೇಕಲ್ಲ? ಹಳೇ ಪ್ರೊಜೆಕ್ಟರ್‌ಗಳಲ್ಲಿ ಜೆನಾನ್ ಲ್ಯಾಂಪ್ ಇರುತ್ತದೆ, ದಿನ ಕಳೆದಂತೆ ಅದು ಮಂಕಾಗುತ್ತದೆ, ಲ್ಯಾಂಪ್ ದುಬಾರಿ ಅಂತ ಮಾಲೀಕರು ಬದಲಿಸುವುದನ್ನು ಮುಂದೂಡುತ್ತಾರೆ. ಒಮ್ಮೆ ಒಂದು ಊರಿನ ಥಿಯೇಟರ್‌ನಲ್ಲಿ ಮೀಟರ್ ಹಿಡಿದರೆ ಇರಬೇಕಾದ್ದರ ಅರ್ಧವೂ ಇರಲಿಲ್ಲ. ಜನ ಕ್ಯಾಮೆರಾಮನ್‌ನನ್ನು ಬೈದುಕೊಂಡು ಮನೆಗೆ ಹೋಗುತ್ತಿದ್ದರು, ಪಾಪ. ಅದರ ಮೇಲೆ 3ಡಿ ಕನ್ನಡಕ ಹಾಕಿದರೆ ಇದ್ದ ಬೆಳಕಿನಲ್ಲೂ ಅರ್ಧಕ್ಕಿಂತ ಜಾಸ್ತಿ ಅದೇ ನುಂಗಿಬಿಡುತ್ತದೆ.

ಈಗ ಲೇಸರ್ ಪ್ರೊಜೆಕ್ಟರ್ ಬರುತ್ತಿದೆ. ಜೆನಾನ್ ಲ್ಯಾಂಪ್ ಸಾವಿರ, ಎರಡು ಸಾವಿರ ಗಂಟೆಗೆ ಸುಸ್ತಾದರೆ ಲೇಸರ್ ಇಪ್ಪತ್ತು ಸಾವಿರ ಗಂಟೆಯಾದರೂ ಎಳೆಯುತ್ತದೆ. ಸಣ್ಣ ಊರಿನ ಟಾಕೀಸುಗಳಿಗೆ ದೊಡ್ಡ ಉಪಕಾರ ಆಗುವುದು ಇದರಿಂದಲೇ ಅಂತ ನನ್ನ ನಂಬಿಕೆ.

ಅದಕ್ಕಿಂತ ಮುಂದಿನದು ಪ್ರೊಜೆಕ್ಟರೇ ಇಲ್ಲದ ಥಿಯೇಟರ್. ಪರದೆಯೇ ಒಂದು ಗೋಡೆಯಷ್ಟಗಲದ ಟಿವಿ. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ 2017ರಲ್ಲಿ ಶುರುವಾಯಿತು. ನಮ್ಮಲ್ಲೂ ಬಂದು ವರ್ಷಗಳಾದವು: ಬೆಂಗಳೂರಿನ ಎಂ.ಜಿ. ರಸ್ತೆಯ ಶಂಕರ್‌ನಾಗ್ ಚಿತ್ರಮಂದಿರದಲ್ಲಿ 2019ರಲ್ಲಿ 14 ಮೀಟರ್ ಅಗಲದ ಎಲ್‌ಇಡಿ ಪರದೆ ಹಾಕಿದರು. ಇಂಥ ಪರದೆ 300 ನಿಟ್‌ವರೆಗೂ ಬೆಳಗಬಲ್ಲದು. ಆದರೆ ಒಂದು ತೊಡಕಿದೆ. ಮಾಮೂಲಿ ಪರದೆಯಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ, ಅದರ ಹಿಂದೆ ಸ್ಪೀಕರ್ ನಿಲ್ಲಿಸಿರುತ್ತಾರೆ, ಅದಕ್ಕೇ ಹೀರೋ ಮಾತು ಅವನ ಬಾಯಿಂದಲೇ ಬಂದಂತೆ ಕೇಳುತ್ತದೆ. ಎಲ್‌ಇಡಿ ಗೋಡೆಗೆ ತೂತು ಎಲ್ಲಿಂದ ತರುವುದು? ಸ್ಪೀಕರ್‌ಗಳನ್ನು ಪರದೆಯ ಮೇಲೆ, ಪಕ್ಕದಲ್ಲಿ ಕೂರಿಸಿ ಕಿವಿಗೆ ಒಂದಿಷ್ಟು ಮೋಸ ಮಾಡಬೇಕು. ಬೆಲೆಯ ಜೊತೆಗೆ ಇದೂ ಸರಿಹೋದರೆ ಪ್ರೊಜೆಕ್ಟರ್ ಕೋಣೆ ನೋಡಲು ನಮ್ಮ ಮೊಮ್ಮಕ್ಕಳು ಮ್ಯೂಸಿಯಂಗೆ ಹೋಗಬೇಕಾಗಬಹುದು.

ಅಲುಗಾಡುವ ಸೀಟು, ಗಾಳಿ, ವಾಸನೆ? ಸುಮ್ನೆ ಬಿಡಿ. ಸಿನಿಮಾಕ್ಕೆ ವಾಸನೆ ಸೇರಿಸುವ ಪ್ರಯತ್ನ ಅಮೆರಿಕದಲ್ಲಿ 1960ರಲ್ಲೇ ಆಗಿ ಮಕಾಡೆ ಮಲಗಿತ್ತು.

ಪ್ರಶ್ನೆ: ನಮ್ಮ ಕಡೆ ನೆಟ್‌ವರ್ಕ್ ಬರೋದೇ ಗುಡ್ಡ ಹತ್ತಿದರೆ. ಭವಿಷ್ಯದ ತಂತ್ರಜ್ಞಾನ ನಮಗೂ ಸಿಗುತ್ತಾ? (ತೀರ್ಥಹಳ್ಳಿ ಹತ್ತಿರದ ಹಳ್ಳಿ)

'ಡೈರೆಕ್ಟ್ ಟು ಮೊಬೈಲ್' ಅಂತ ಒಂದಿದೆ, ಚಿಕ್ಕದಾಗಿ ಡಿ2ಎಂ. ಇಂಟರ್‌ನೆಟ್ ಇಲ್ಲದೆ, ರೇಡಿಯೋ ಥರ ಗಾಳಿಯಲ್ಲೇ ವಿಡಿಯೋ ಫೋನಿಗೆ ಬರುವುದು. ಐಐಟಿ ಕಾನ್ಪುರ ಮತ್ತು ನಮ್ಮ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಇದರಲ್ಲಿ ಕೆಲಸ ಮಾಡಿವೆ, ಬೆಂಗಳೂರು, ದೆಹಲಿ, ನೋಯ್ಡಾದಲ್ಲಿ ಪ್ರಯೋಗವೂ ಆಗಿದೆ. ಆದರೆ ಫೋನಿನೊಳಗೆ ಅದಕ್ಕೇ ಬೇರೆ ಚಿಪ್ ಬೇಕು. ಡೇಟಾ ಮಾರುವ ಟೆಲಿಕಾಂ ಕಂಪನಿಗಳಿಗೂ ಇದು ಅಷ್ಟಾಗಿ ರುಚಿಸಿಲ್ಲ. ಇನ್ನೊಂದು ವಿಷಯ, ಇದು ಪ್ರಸಾರ. ಅವರು ಹಾಕಿದ್ದನ್ನು ಅವರು ಹಾಕಿದ ಹೊತ್ತಿಗೆ ನೋಡಬೇಕು, ಹಿಂದೆ ಭಾನುವಾರ ಸಂಜೆ ದೂರದರ್ಶನದ ಮುಂದೆ ಕೂರುತ್ತಿದ್ದೆವಲ್ಲ, ಹಾಗೆ. ಗುಡ್ಡ ಅಡ್ಡ ಬಂದರೆ ಈ ಸಿಗ್ನಲ್ಲೂ ತಡವರಿಸುತ್ತದೆ. ಸದ್ಯಕ್ಕೆ, ಪೇಟೆಗೆ ಹೋದಾಗ ಸಿನಿಮಾ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಹೊಸ ಟಿವಿ ತಗೊಂಡರೆ 'ಎವಿ1' ಇದೆಯಾ ಕೇಳಿ. ಅದೇ ಚಿತ್ರವನ್ನು ಕಡಿಮೆ ಡೇಟಾದಲ್ಲಿ ತರುವ ಜಾಣ ವಿಧಾನ ಅದು.

ಪ್ರಶ್ನೆ: ಮೊಮ್ಮಗಳಿಗೆ ಕನ್ನಡ ಅರ್ಧಂಬರ್ಧ. ಎಐ ಬಂದು ಎಲ್ಲ ಸಿನಿಮಾನೂ ಬೇಕಾದ ಭಾಷೆಗೆ, ಅದೇ ನಟರ ದನಿಯಲ್ಲೇ ಬದಲಿಸುತ್ತದಂತೆ, ಹೌದಾ? (ಟೆಕ್ಸಾಸ್)

ಹೌದು, ಅಮ್ಮಾ. ನಟರ ದನಿ ಕಲಿತು ಬೇರೆ ಭಾಷೆ ಆಡಿಸುವುದು, ತುಟಿಯನ್ನೂ ಅದಕ್ಕೆ ಹೊಂದಿಸುವುದು ಈಗಲೇ ಆಗುತ್ತಿದೆ. ನಮ್ಮ ತಮಾಷೆ ನೋಡಿ: ಡಬ್ಬಿಂಗ್ ಬೇಕಾ ಬೇಡ್ವಾ ಅಂತ ಕನ್ನಡದಲ್ಲಿ ದಶಕಗಟ್ಟಲೆ ಜಗಳವಾಡಿದೆವು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ (ವ್ಯಾಪಾರದಲ್ಲಿ ಪೈಪೋಟಿ ತಡೆಯದಂತೆ ನೋಡುವ ಸರ್ಕಾರಿ ಸಂಸ್ಥೆ) ಡಬ್ಬಿಂಗ್ ತಡೆಯುತ್ತಿದ್ದ ಸಂಘಗಳಿಗೆ ದಂಡ ಹಾಕಿತು. ಈಗ ಗುಂಡಿ ಒತ್ತಿದರೆ ಡಬ್ಬಿಂಗ್ ಆಗುವ ಕಾಲ ಬರುತ್ತಿದೆ.

ನನಗೆ ಎರಡು ಅಳುಕಿದೆ. ಒಂದು, ಮಂಡ್ಯದ ಮಾತು, ಧಾರವಾಡದ ಮಾತು, ಕುಂದಾಪುರದ ಮಾತು ಎಲ್ಲವನ್ನೂ ಎಐ ಒಂದೇ ನ್ಯೂಸ್ ರೀಡರ್ ಕನ್ನಡ ಮಾಡಿ ಇಸ್ತ್ರಿ ಹಾಕಿಬಿಟ್ಟರೆ? ಎರಡು, ಒಪ್ಪಿಗೆ. 2023ರಲ್ಲಿ ನಟ ಅನಿಲ್ ಕಪೂರ್ ತಮ್ಮ ದನಿ, ಮುಖ ಯಾರೂ ಹಾಗೇ ಬಳಸಬಾರದು ಅಂತ ದೆಹಲಿ ಹೈಕೋರ್ಟ್‌ನಿಂದ ಆದೇಶ ತಂದರು. 2025ರಲ್ಲಿ 'ರಾಂಝಣಾ' ಎಂಬ ಹಿಂದಿ ಸಿನಿಮಾದ ತಮಿಳು ಆವೃತ್ತಿಯಲ್ಲಿ ಸಾಯಬೇಕಿದ್ದ ನಾಯಕನನ್ನು ಎಐ ಹಿಡಿದು ಬದುಕಿಸಿ ಮರುಬಿಡುಗಡೆ ಮಾಡಿದರು. ನಿರ್ದೇಶಕರೇ ಬೇಡ ಅಂದರೂ ಕೇಳಲಿಲ್ಲ. ದನಿ ಬದಲಿಸುವ ಕೈಗೆ ಕತೆ ಬದಲಿಸುವುದು ಕಷ್ಟ ಅಲ್ಲ, ಅಲ್ವಾ?

ಮೊಮ್ಮಗಳಿಗೆ ಕನ್ನಡ ಸಿನಿಮಾನ ಕನ್ನಡದಲ್ಲೇ ಹಾಕಿ. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಇರಲಿ, ಪಕ್ಕದಲ್ಲಿ ನೀವು ಕೂತಿರಿ.

ಪ್ರಶ್ನೆ: ಕಣ್ಣಿಗೆ ಕಟ್ಟಿಕೊಳ್ಳೋ ವಿಆರ್ ಹೆಡ್‌ಸೆಟ್ ಹಾಕಿಕೊಂಡರೆ ಥಿಯೇಟರೂ ಬೇಡ, ಟಿವಿಯೂ ಬೇಡ ಅಂತಾರೆ. ಮಗಳಿಗೆ ಏಳು ವರ್ಷ, ಕೊಡಿಸಲಾ? (ಹುಬ್ಬಳ್ಳಿ)

ಚಿತ್ರ ಚೆನ್ನಾಗಿ ಕಾಣುತ್ತದೆ, ಸುಳ್ಳಲ್ಲ. ಆದರೆ ಆಪಲ್ ಹೆಡ್‌ಸೆಟ್ ಅರ್ಧ ಕೆಜಿಗಿಂತ ಭಾರ. ಪರದೆ ಕಣ್ಣಿನ ಎದುರಿಗೇ ಇದ್ದರೂ ಕಣ್ಣು ದೂರ ನೋಡುತ್ತಿದ್ದೇನೆ ಅಂದುಕೊಳ್ಳಬೇಕು, ಆ ಎಳೆದಾಟಕ್ಕೆ ಕೆಲವರಿಗೆ ತಲೆನೋವು ಬರುತ್ತದೆ. ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ಕು ಹೆಡ್‌ಸೆಟ್ ಬೇಕು ಎನ್ನುವುದೂ ನೆನಪಿರಲಿ. ಮಗಳಿಗಂತೂ ಈಗ ಬೇಡ. ಹೆಡ್‌ಸೆಟ್ ಮಾರುವ ಮೆಟಾ (ಫೇಸ್‌ಬುಕ್‌ನ ಕಂಪನಿ) 10 ವರ್ಷ ಆಗಿರಬೇಕು ಅನ್ನುತ್ತದೆ, ಆಪಲ್ 13 ಅನ್ನುತ್ತದೆ. ಮಾರುವವರೇ ಬೇಡ ಅಂದ ಮೇಲೆ ನಾನು ಕೊಡಿಸಿ ಅನ್ನಲಾ?