"ನಾನು ಎಂತ ಪಾಪ ಮಾಡಿದ್ದು, ಟೀಚರೇ?"

(ಹೆಸರು ಮತ್ತು ಗುರುತುಗಳನ್ನು ಬದಲಿಸಿದ್ದೇನೆ.)

ಮನಸ್ಸಿನ ಭಾರ ಹೇಳಿಕೊಳ್ಳಲು ನನ್ನ ಹತ್ತಿರ ಬಂದ ಲೀನಾ ಬಾಯಿ ಕುರ್ಚಿಯಲ್ಲಿ ಕೂತವರೇ ಕೇಳಿದ್ದು ಇದನ್ನು. ವಯಸ್ಸು ಐವತ್ತು ದಾಟಿದೆ. ಕಾಸರಗೋಡಿನ ಒಳನಾಡಿನಲ್ಲಿ, ಗೇರು ತೋಟದ ಬದಿಯಲ್ಲೇ ಮನೆ. ಗಂಡ ಇಲ್ಲ, ಬೀಡಿ ಕಟ್ಟಿ ಜೀವನ. ಇಪ್ಪತ್ತೇಳರ ಮಗಳು ನಡೆಯುವುದಿಲ್ಲ, ಮಾತಾಡುವುದಿಲ್ಲ. ಊಟ, ಸ್ನಾನ ಎಲ್ಲ ಅಮ್ಮನ ಕೈಯಿಂದಲೇ ಆಗಬೇಕು. ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್‌ನ ಸಂತ್ರಸ್ತರ ಪಟ್ಟಿಯಲ್ಲಿ ಅವಳ ಹೆಸರಿದೆ.

ಚರ್ಚಿನಲ್ಲಿ ಒಬ್ಬರು, "ದೇವರು ಪ್ರೀತಿಸುವವರಿಗೇ ಶಿಲುಬೆ ಕೊಡುವುದು" ಅಂದರಂತೆ. ಇನ್ನೊಬ್ಬರು ಹಿರಿಯರ ಪಾಪದ ಮಾತೆತ್ತಿದರು. ಅಂದಿನಿಂದ ಇವರು ಭಾನುವಾರದ ಪೂಜೆಗೆ ಹೋಗುವುದನ್ನೇ ಬಿಟ್ಟರು.

"ನಾನು ಹೋಗುವಾಗ ಇವಳನ್ನೂ ಕರ್ಕೊಂಡೇ ಹೋಗ್ಬೇಕು ಅಂತ ಅನ್ನಿಸ್ತದೆ" ಅಂದಾಗ ಬೈಬಲ್ಲಿನ ಮಾತು ಬದಿಗಿಟ್ಟೆ. ಸಾಯುವ ಯೋಚನೆ ಉಂಟಾ ಅಂತ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಅಂತ ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ. ಯೋಚನೆ ಇತ್ತು, ತಯಾರಿ ಇರಲಿಲ್ಲ. ಅವರ ಒಪ್ಪಿಗೆ ಪಡೆದು ತಮ್ಮನನ್ನು ಅದೇ ದಿನ ಕರೆಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಬರೆದುಕೊಟ್ಟೆ. ಅದೇ ವಾರ ಮನೋವೈದ್ಯರನ್ನು ಕಂಡರು. ಮಾತ್ರೆ ಶುರುವಾಗಿ ಸ್ವಲ್ಪ ನಿದ್ದೆ ಹತ್ತಿದ ಮೇಲೆಯೇ ಉಳಿದ ಮಾತು. ನಿದ್ದೆಗೆಟ್ಟವರ ಹತ್ತಿರ ದೇವರ ಉದ್ದೇಶ ವಿವರಿಸಲು ಹೋಗಬಾರದು.

ಆದರೂ ನಾನೇ ಒಮ್ಮೆ ಎಡವಿದೆ. ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಅನ್ನುವ ಅರ್ಥದ ರೋಮನರ ಪತ್ರದ ವಚನ ಬಾಯಿಗೆ ಬಂತು, ಹೇಳಿಬಿಟ್ಟೆ. ಅವರು ಗೋಡೆ ನೋಡುತ್ತಾ ಕೂತರು.

ಮುಂದಿನ ಸಲ ಬೈಬಲ್ಲಿನಲ್ಲಿ ಯೊವಾನ್ನನ ಶುಭಸಂದೇಶದ ಒಂಬತ್ತನೇ ಅಧ್ಯಾಯ ತೆಗೆದೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳುವುದೂ ಇದನ್ನೇ: ಪಾಪ ಯಾರದ್ದು, ಇವನದ್ದಾ, ಹೆತ್ತವರದ್ದಾ? ಇಬ್ಬರದ್ದೂ ಅಲ್ಲ ಅಂತಾನೆ ಯೇಸು. ಲೀನಾ ಬಾಯಿ ಅದನ್ನು ಎರಡು ಸಲ ಓದಿಸಿದರು. ಆಮೇಲೆ ಅವರಾಗಿಯೇ, "ಹೆಲಿಕಾಪ್ಟರಿನಲ್ಲಿ ಮದ್ದು ಬಿಡುವಾಗ ನಾವು ಅಂಗಳದಲ್ಲಿ ನಿಂತು ನೋಡ್ತಿದ್ದೆವು" ಅಂದರು. 1970ರ ದಶಕದ ಕೊನೆಯಿಂದ 2000ದವರೆಗೂ ಇಲ್ಲಿ ಹಾಗೆ ಸಿಂಪಡಿಸುತ್ತಿದ್ದರು. ದೇಶಕ್ಕೆಲ್ಲ ತಡೆ ಬಂದದ್ದು 2011ರಲ್ಲಿ, ಸುಪ್ರೀಂ ಕೋರ್ಟಿನಿಂದ.

"ಹೆಲಿಕಾಪ್ಟರ್ ಕಳಿಸಿದ್ದು ದೇವರಾ, ಬಾಯಿ?"

ತುಂಬಾ ಹೊತ್ತು ಅತ್ತರು. ಮನುಷ್ಯರು ಮಾಡಿದ್ದನ್ನು ಇಷ್ಟು ವರ್ಷ ದೇವರ ಲೆಕ್ಕಕ್ಕೋ ತನ್ನ ಲೆಕ್ಕಕ್ಕೋ ಬರೆದುಕೊಂಡಿದ್ದರು. ಸಿಟ್ಟು ಬಂದರೆ ಪ್ರಾರ್ಥನೆಯಲ್ಲೇ ಹೇಳಿ ಅಂದೆ. ಬೈಬಲ್ಲಿನಲ್ಲಿ ಎಲ್ಲ ಕಳೆದುಕೊಂಡು ಕೂತ ಯೋಬನ ಗೆಳೆಯರು ಏಳು ದಿನ ಸುಮ್ನೆ ಜೊತೆಗೆ ಕೂತಿದ್ದಷ್ಟೇ ಸರಿಯಿತ್ತು, ಕಾರಣ ಹೇಳಲು ಹೊರಟಾಗ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ದಿನಾ ರಾತ್ರಿ ಅದನ್ನು ಗಟ್ಟಿಯಾಗಿ ಓದಲು ಹೇಳಿದೆ.

"ನನ್ನ ನಂತರ ಯಾರು?" ಅನ್ನುವುದಕ್ಕೆ ಪ್ರಾರ್ಥನೆಯ ಜೊತೆ ಕಾಗದವೂ ಬೇಕು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕೆಳಗೆ ಇಂಥ ಮಕ್ಕಳಿಗೆ ಹದಿನೆಂಟು ದಾಟಿದ ಮೇಲೂ ಕಾನೂನಿನ ಪ್ರಕಾರ ಪಾಲಕರನ್ನು (ಗಾರ್ಡಿಯನ್) ನೇಮಿಸಬಹುದು, ಜಿಲ್ಲಾ ಸಮಿತಿಗೆ ಅರ್ಜಿ ಹಾಕಬೇಕು. ತಮ್ಮ ಒಪ್ಪಿದ, ಅರ್ಜಿ ಹೋಯಿತು. ಇಂಥ ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಂಚಾಯತಿನ ಬಡ್ಸ್ ಕೇಂದ್ರಕ್ಕೆ ಮಗಳನ್ನು ಕಳಿಸುವುದು, ವಾರಕ್ಕೆರಡು ಮಧ್ಯಾಹ್ನ ನಾದಿನಿ ಬಂದು ಕೂರುವುದು ಅಂತಲೂ ಆಯಿತು. ಇದರ ಉದ್ದೇಶ ಎಂತ ಅಂತ ಹುಡುಕುವುದನ್ನು ಸದ್ಯಕ್ಕೆ ಬಿಡಿ, ಇವತ್ತು ನಿಮ್ಮ ಕೈಯಿಂದ ಎಂತ ಆಗ್ತದೆ ನೋಡಿ ಅಂದೆ. ಅವರಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಪ್ರಶ್ನೆ ಈಗಲೂ ಇದೆ.

ಸೆಪ್ಟೆಂಬರ್ 8, ಮೇರಿ ಮಾತೆಯ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ನಾದಿನಿಯ ಜೊತೆ ಚರ್ಚಿಗೆ ಹೋದರಂತೆ. ಹಬ್ಬದ ಅಡುಗೆಯಲ್ಲಿ ಒಂದು ಪಾಲು ಗುಡ್ಡದ ಆಚೆಯ ಮನೆಗೆ ಒಯ್ದರು. ಅಲ್ಲೂ ಇಂಥದ್ದೇ ಒಂದು ಮಗು. ಮನೆಯವರು ನಮ್ಮ ಧರ್ಮದವರಲ್ಲ.

"ಅವರಿಗೆ ಎಂತ ಹೇಳಿದಿರಿ?" ಅಂತ ಕೇಳಿದೆ.

"ಎಂತ ಹೇಳುವುದು ಟೀಚರೇ. ಮಗುವನ್ನು ಸ್ನಾನಕ್ಕೆ ಎತ್ತುವಾಗ ಸೊಂಟ ಹಿಡಿಯದ ಹಾಗೆ ಹೇಗೆ ಎತ್ತುವುದು ಅಂತ ತೋರಿಸಿ ಬಂದೆ. ಅದರ ಅಮ್ಮನಿಗೆ ಅದು ಗೊತ್ತೇ ಇರಲಿಲ್ಲ."